ಕುಂಬಳಕಾಯಿ ಹೆಚ್ಚುವ ಕತ್ತಿ

ಪರಮೇಶ ಬಜಾಜ್ ಸ್ಕೂಟರ್ ನಿಲ್ಲಿಸಿದಾಗ ಮಾಡದಕೆರೆಯ ಹುಲಿಗೆಮ್ಮಜ್ಜಿ ಜಗುಲಿಯ ಮೇಲೆ ಕೂತು ಕುಂಬಳಕಾಯಿ ಸೀಳುತ್ತಿದ್ದಳು. ಅಜ್ಜಿಯ ಕೈಯಲ್ಲಿದ್ದದ್ದು ಮಚ್ಚಲ್ಲ, ಅವನು ಯಾರದೋ ಮಾತು ಕೇಳಿ ಹುಡುಕಿಕೊಂಡು ಬಂದಿದ್ದ ಕತ್ತಿ.

ಹೊಸದುರ್ಗದ ಹೈಸ್ಕೂಲಿನ ಈ ಡ್ರಾಯಿಂಗ್ ಮೇಷ್ಟ್ರಿಗೆ ಹಳೇ ಕತ್ತಿಗಳ ಹುಚ್ಚು. ಮನೆಯ ಗೋಡೆಯಲ್ಲಿ ಕ್ಯಾಲೆಂಡರಿಗೂ ಜಾಗವಿಲ್ಲ. ಆದರೆ ಸಮುದ್ರದಾಚೆಯ ಕತ್ತಿ ಒಂದೂ ಇರಲಿಲ್ಲ.

ಅಜ್ಜಿಯಿಂದ ಇಸಕೊಂಡು ತಿರುಗಿಸಿ ನೋಡಿದ. ಕೈಗೆ ಏಟು ಬೀಳದಂತೆ ತಡೆಯುವ ಅಡ್ಡಪಟ್ಟಿ ಇಲ್ಲ. ಹಿಡಿ ಕೊಳಲಿನಂತೆ ದುಂಡಗೆ, ಉದ್ದಕ್ಕೆ. ಅಲಗಿನ ಬೆನ್ನಿನಲ್ಲಿ ಬೆಳ್ಳಿ ಎಳೆಯ ಬಳ್ಳಿ, ಅದರ ಮೇಲೊಂದು ಕುಂಬಳದ ಬೀಜ. ಪುಸ್ತಕಗಳಲ್ಲಿ ನೋಡಿ ನೋಡಿ ಬಾಯಲ್ಲಿ ನೀರೂರಿಸಿಕೊಂಡಿದ್ದ ಬರ್ಮಾ ಕತ್ತಿ! ಅನುಮಾನವೇ ಇಲ್ಲ.

"ಇದನ್ನ ಕೊಡ್ತೀರೇನಜ್ಜಿ?"

"ಒಯ್ಯಪ್ಪ, ಬದ್ಲಿಗೆ ಒಂದು ಈಳಿಗೆಮಣೆ ತಂದ್ಕೊಡು. ಆದ್ರೆ ಒಂದು ಮಾತು. ನಮ್ಮೋರು ಮಿಲ್ಟ್ರಿಯಾಗಿದ್ರು. ಇದನ್ನ ಬರ್ಮಾ ಯುದ್ಧದಾಗಿಂದ ತಂದೆ ಅಂತಿದ್ರು. ನೀವು ಹೋಗಿದ್ದು ಭರಮಸಾಗರದ ಸಂತೆಗೆ ಅಂತ ನಾನು ಆಡ್ಕಂತಿದ್ದೆ, ಊರೆಲ್ಲ ನಗ್ತಿತ್ತು. ಈಗ ಅವ್ರೇ ಇಲ್ಲ. ನೀನು ಕತ್ತಿ ತಿಳಿದೋನು, ಹೇಳು. ಸಂತೇದಾದ್ರೆ ಈಗ್ಲೇ ಒಯ್ಯಿ. ದಿಟವಾಗ್ಲೂ ಬರ್ಮದ್ದಾದ್ರೆ ಕೊಡಾಕಾಗಲ್ಲ."

ಸಂತೆಯದು ಎಂದುಬಿಟ್ಟರೆ ಕತ್ತಿ ಅವನದು. ಮಾತು ನಾಲಿಗೆಯ ತುದಿಗೂ ಬಂದಿತ್ತು. ಸ್ಕೂಟರಿನಲ್ಲಿ ಅದನ್ನು ಹೇಗೆ ಮಲಗಿಸುವುದೆಂದು ಯೋಚಿಸಿದ್ದೂ ಆಗಿತ್ತು. ಆದರೆ ಅಜ್ಜಿ ಅವನ ಬಾಯನ್ನೇ ನೋಡುತ್ತಾ ಕೂತಿದ್ದಳು. ಹಾಳಾದ್ದು, ಸುಳ್ಳು ಹೊರಡಲಿಲ್ಲ.

"ಬರ್ಮದ್ದೇ ಅಜ್ಜಿ. ನಮ್ಮ ಕಡೆ ಯಾವ ಕಮ್ಮಾರನೂ ಇಂಥ ಹಿಡಿ ಮಾಡಲ್ಲ."

ಅಜ್ಜಿ ಕತ್ತಿಯನ್ನು ವಾಪಸು ಇಸಕೊಂಡಳು. ಅಂಟಿದ್ದ ಬೀಜವನ್ನು ಉಗುರಿನಿಂದ ತೆಗೆದು, ಅಲಗನ್ನು ಸೆರಗಿನಲ್ಲಿ ಒರೆಸಿ ತೊಡೆಯ ಮೇಲಿಟ್ಟುಕೊಂಡಳು.

"ಹಂಗಾದ್ರೆ," ಎಂದಳು ಮೆಲ್ಲಗೆ, "ಆನೆ ಬಾಲ ಹಿಡ್ಕಂಡು ಹೊಳೆ ದಾಟಿದ್ದೂ ದಿಟನೇ ಇರ್ಬೇಕು."

"ಅದೇನಜ್ಜಿ ಕಥೆ?"

"ನಂಗೇನು ಗೊತ್ತು? ಅವ್ರು ಶುರು ಮಾಡ್ತಿದ್ದಂಗೇ ನಾನು ನಕ್ಕುಬಿಡ್ತಿದ್ದೆ."