ಡೆಲ್ವರ್ ಎಂಬ ಹೆಸರು

“ಮುತ್ತಜ್ಜನಿಗೆ ಬೇರೆ ಹೆಸರೇ ಸಿಗಲಿಲ್ಲವೇ?” ಲೆನಾರ್ಡ್ ಡೆಲ್ವರ್ ಯಾರನ್ನೂ ಉದ್ದೇಶಿಸದೆ ಕೇಳಿದ. ಮತ್ತೆ ಗುದ್ದಲಿ ಎತ್ತಿದ. ಅವನು ತೋಡುತ್ತಿದ್ದುದು ಸ್ವಂತ ಮಗನ ಗುಂಡಿ.

ಮನೆತನದ ಹೆಸರಿನ ಅರ್ಥವೇ ಕಸುಬು ಎಂಬ ಕಾನೂನು ಆ ಗಣಿಯೂರಿಗೆ ಬಂದು ಮೂರು ತಲೆಮಾರಾಗಿತ್ತು. ಬೇಕರ್‌ಗಳು ರೊಟ್ಟಿ ಸುಡುತ್ತಿದ್ದರು. ಸ್ಮಿತ್ ಎಂದರೆ ಕಮ್ಮಾರ. ಸ್ಮಿತ್‌ಗಳ ಮನೆ ಮುನ್ನೂರಿದ್ದುದರಿಂದ ಕುಲುಮೆಯ ಪಾಳಿ ಒಬ್ಬೊಬ್ಬರಿಗೆ ತಿಂಗಳಿಗೊಂದೇ ದಿನ. ಡೆಲ್ವರ್ ಎಂದರೆ ನೆಲ ಅಗೆಯುವವನು. ಮನೆ ಒಂದೇ, ಊರಿನ ಗೋರಿಗಳೆಲ್ಲ ಅವರ ಪಾಲಿಗೆ. ಜ್ವರದ ಈ ವರ್ಷ ಅಪ್ಪ ಮಗ ಇಬ್ಬರೂ ಬಿಡುವಿಲ್ಲದೆ ತೋಡಿದ್ದರು. ಕೊನೆಗೆ ಹೆಣಗಳ ಜ್ವರ ಮಗನಿಗೇ ಅಂಟಿತು.

ತೋಡಿದವನೇ ಗುಂಡಿಯೊಳಗೆ ಮಲಗಿ ಅಳತೆ ನೋಡುವುದು ಆ ಮನೆಯ ವಾಡಿಕೆ. ಲೆನಾರ್ಡ್ ಪ್ರಾರ್ಥನೆ ಗುನುಗುತ್ತ ಮಲಗಿದ. ಮಗನೂ ಅವನಷ್ಟೇ ಉದ್ದವಿದ್ದ, ಸರಿಹೋಯಿತು.

ಅಂಚಿನಲ್ಲಿ ಬಸುರಿ ಸೊಸೆ ಐವಿ ನಿಂತಿದ್ದಳು. ಅವಳ ತವರು ಸ್ಮಿತ್‌ಗಳದು. ಹುಟ್ಟುವ ಕೂಸಿಗೆ ತಂದೆಯ ಹೆಸರೋ ತಾಯಿಯ ಹೆಸರೋ, ತಾಯಿ ಹೇಳಿದ್ದನ್ನೇ ಕಚೇರಿಯವರು ಬರೆದುಕೊಳ್ಳುತ್ತಿದ್ದರು.

“ನಮ್ಮ ಹೆಸರೇ ಬರೆಸಮ್ಮ,” ಎಂದ ಲೆನಾರ್ಡ್, ಮಲಗಿದಲ್ಲಿಂದಲೇ. “ನಾನು ಹೋದ್ಮೇಲೆ ಈ ಊರಲ್ಲಿ ಮಣ್ಣು ಮಾಡೋರು ಯಾರೂ ಇರಲ್ಲ. ನನಗೂ ಇರಲ್ಲ.”

ಅವಳು ಅಂಚಿನ ಸಡಿಲ ಮಣ್ಣನ್ನು ಕಾಲಿಂದ ಹಿಂದಕ್ಕೆ ಸರಿಸಿದಳು.

“ಏನು, ಕುಲುಮೆ ಮುಂದೆ ಆಕಳಿಸ್ತಾ ಕೂರೋ ಇನ್ನೊಬ್ಬ ಸ್ಮಿತ್ ಬೇಕಾ ನಿನಗೆ?”

ಐವಿ ಬಗ್ಗಿ, ಅವನು ಮೇಲೆ ಬರಲೆಂದು ಕೈ ಚಾಚಿದಳು.

“ಆಕಳಿಸ್ತಾನಾದ್ರೂ ಬದುಕಿರಲಿ, ಮಾವ. ನಿಮ್ಮ ಹೆಸರು ನಾನು ಬರೆಸಲ್ಲ.”