ಮನೆಮಂದಿಯ ಆಕಳಿಕೆ

ಲ್ಯಾಪ್‌ಟಾಪು ಒಡೆಯನೊಬ್ಬನ ನಿದ್ದೆಯಿಂದ ಓಡುತ್ತದೆ. ಡೆಸ್ಕ್‌ಟಾಪಿಗೆ ಮನೆಮಂದಿಯೆಲ್ಲರ ನಿದ್ದೆ ಬೇಕು. ಹಾಗಾಗಿ ಕೊಳ್ಳುವಾಗ ಪ್ರತಿಯೊಬ್ಬರೂ ಅದರ ಮುಂದೆ ಆಕಳಿಸಿ ಒಪ್ಪಿಗೆ ಕೊಡಬೇಕು. ಹುಬ್ಬಳ್ಳಿಯ ಅಂಗಡಿಯಲ್ಲಿ ಪ್ರಮೋದ ಆಗಲೇ ಆಕಳಿಸಿದ್ದ. ಮನೆಮಂದಿಯಲ್ಲಿ ಇನ್ನು ಆಕಳಿಸಬೇಕಾದವಳು ಜೊತೆಗೆ ಬಂದಿದ್ದ ಅಕ್ಕ ಶಾಂಭವಿಯೊಬ್ಬಳೇ. ಆಸ್ಪತ್ರೆಯಲ್ಲಿ ನರ್ಸಾಗಿರುವ ಅವಳು ಬಾಯಿ ಬಿಗಿದು ನಿಂತಿದ್ದಳು.

“ಲ್ಯಾಪ್‌ಟಾಪ್ ತಗೊ. ನಿನ್ನ ಆಟಕ್ಕ ನಿನ್ನ ನಿದ್ದಿ ಸಾಕು.”

“ಅದರಾಗ ಆಡ್ಕೋತ ರೆಕಾರ್ಡ್ ಮಾಡಿದ್ರ ವಿಡಿಯೋ ನಿಂತ್ ನಿಂತ್ ಬರ್ತದಕ್ಕಾ. ನೋಡೋರು ಏನಂತಾರ?”

“ನೋಡೋರು ಯಾರಪಾ? ನೀನು, ನಿನ್ನ ಗೆಳೆಯ ಸಂಗಮೇಶ. ನಿಮ್ಮಿಬ್ಬರ ಸಲುವಾಗಿ ನಾನು ತೂಕಡಿಸ್ಕೋತ ಪೇಶಂಟಿಗೆ ಸೂಜಿ ಚುಚ್ಚಲೇನು?”

ಪ್ರಮೋದ ವಾದ ಬಿಟ್ಟು, ಅವಳ ಮುಖದೆದುರೇ ಬಾಯಿ ಅಗಲಿಸಿ ಉದ್ದಕ್ಕೆ ಆಕಳಿಸಿದ. ಎಷ್ಟೋ ಮನೆಗಳ ಒಪ್ಪಿಗೆ ಹೀಗೇ ಸಿಕ್ಕಿದೆ. ಶಾಂಭವಿ ಹಲ್ಲು ಕಚ್ಚಿದಳು. ಕಣ್ಣಲ್ಲಿ ನೀರೂರಿತೇ ಹೊರತು ಬಾಯಿ ತೆರೆಯಲಿಲ್ಲ.

ಅವಳ ಪಕ್ಕದಲ್ಲೇ ನಿಂತಿದ್ದ ಅಂಗಡಿ ಮಾಲೀಕ ಗುರುಸಿದ್ಧಪ್ಪ ಆಕಳಿಸಿಬಿಟ್ಟರು. ಮನೆಮಂದಿಯ ಒಪ್ಪಿಗೆ ಪೂರ್ತಿಯಾಯಿತೆಂದು ಡೆಸ್ಕ್‌ಟಾಪಿನ ಹಸಿರು ದೀಪ ಹೊತ್ತಿತು.

“ಛಲೋ ಆತು ಕಾಕಾ, ಇನ್ನ ಇವ ನಿಮ್ಮ ಮನಿಯವ,” ಎಂದು ಶಾಂಭವಿ ಚಪ್ಪಲಿ ಮೆಟ್ಟಿದಳು. “ರಾತ್ರಿ ಇವಂಗ ಬಿಸಿ ರೊಟ್ಟೀನ ಬೇಕು. ಚಪಾತಿ ತಿನ್ನಂಗಿಲ್ಲ.”