ಪಿನ್‌ಕೋಡ್ ಇಲ್ಲದ ಶಾಖೆ

ಚಂದ್ರನ ಮೇಲಿನ ಶಾಖೆಯಲ್ಲಿ ಸ್ಟೋರ್‌ಕೀಪರ್ ಹೊನ್ನಪ್ಪ ಎದೆ ಹಿಡಿದುಕೊಂಡು ಕುಸಿದ. ಜೊತೆಗೆ ಕೆಲಸ ಮಾಡುವ ನೀಲಾಂಬಿಕೆ ಆಫೀಸು ಫೋನಿನಿಂದ ತುರ್ತು ಕರೆ ಮಾಡಿದಳು. ಆಂಬುಲೆನ್ಸೇನೋ ಐದೇ ನಿಮಿಷದಲ್ಲಿ ಬಂತು, ಹುಬ್ಬಳ್ಳಿಯ ಹೆಡ್ ಆಫೀಸಿಗೆ. ಫೋನು ನೋಂದಾಯಿಸಿದ್ದ ವಿಳಾಸ ಅದೇ. ಈ ವರ್ಷ ಇದು ಮೂರನೆಯ ಸಲ.

ಹುಬ್ಬಳ್ಳಿಯಿಂದ ಮ್ಯಾನೇಜರ್ ಹೊಸಮನಿ ಅವಳಿಗೆ ಫೋನ್ ಮಾಡಿದರು. "ಇಲ್ಲೆ ಎಲ್ಲಾರೂ ಆರಾಮ ಅದೀವಲ್ರೀ."

"ನಮ್ಮ ಫೋನಿಗೆ ಚಂದ್ರನ ವಿಳಾಸ ಹಾಕ್ರಿ ಅಂತ ಎಷ್ಟ್ ಸಲ ಬರೀಬೇಕ್ರೀ ಸರ್?"

"ಪಿನ್‌ಕೋಡ್ ಇಲ್ಲದ ಊರನ್ನ ಫಾರ್ಮ್ ತಗೊಳ್ಳಂಗಿಲ್ಲ. ಇರ್ಲಿ, ಬಂದ ಗಾಡಿ ಸುಮ್ನ ಹೋಗಬಾರ್ದಂತ ನಾ ಬಿಪಿ ನೋಡಿಸ್ಕೊಂಡೆ. ನಾರ್ಮಲ್ ಐತಿ."

ಭೂಮಿಯ ಮೇಲೆ ಇಂಥವರಿಗೂ ಪುಕ್ಕಟೆ ಗಾಳಿ ಸಿಗುತ್ತದಲ್ಲ ಎಂದುಕೊಂಡು ಅವಳು ಹೊನ್ನಪ್ಪನನ್ನು ಹೆಗಲಿಗೇರಿಸಿದಳು. ಚಂದ್ರನ ಮೇಲೆ ಅವನ ತೂಕ ಅರ್ಧ ಚೀಲ ಅಕ್ಕಿಯಷ್ಟೆ. ಗಣಿಯವರ ಆಸ್ಪತ್ರೆ ಸುರಂಗದಾಚೆ, ಎರಡು ಕಿಲೋಮೀಟರು.

"ಆ ಗಾಡಿ ಅಲ್ಲೇ ನಿಂದ್ರಿಸ್ಕೊಂಡಿರ್ರಿ ಸರ್" ಎಂದಳು. "ಹೊನ್ನಪ್ಪಗ ಏನಾರ ಆದ್ರ ಮುಂದಿನ ರಾಕೆಟ್ಟಿಗೆ ನಾ ಬರ್ತೀನಿ. ನಿಮಗ ಬೇಕಾಗ್ತೈತಿ."